ಕುತ್ತಿಗೆಯ ಬಿಗಿತ

‘ಅಕ್ಕಾ, ಇದರಲ್ಲಿ ನೆಕ್ ಟೆನ್ಷನ್ನೇ ಮುಖ್ಯ’ ಎಂದು ತಮ್ಮ ಹೇಳಿದಾಗ ನನ್ನ ಕೈ ತಾನಾಗಿ ನನ್ನ ಕತ್ತಿಗೆ ಹೋಯಿತು. ಸ್ಪಾಂಡಿಲೈಟಿಸ್ ಎಂದು ಎರಡು ವರ್ಷ ಪಟ್ಟಿ ಕಟ್ಟಿಕೊಂಡು ಓಡಾಡಿದವಳು ನಾನು. ಇಂಗ್ಲಿಷ್ ಬಿ.ಎ. ಮಾಡಿದ್ದರೂ ಆ ಮಾತಿಗೆ ಬೇರೆ ಅರ್ಥವಿದ್ದೀತೆಂದು ಹೊಳೆಯಲಿಲ್ಲ. ಅವನು ಹೇಳುತ್ತಿದ್ದುದು ತೋಟಾದ ಕುತ್ತಿಗೆಯ ವಿಷಯ!

ಇದು 2023ರ ಮಾತು. ಡೆನ್ವರ್ ಹೊರವಲಯದ ಅವನ ಮನೆಯಲ್ಲಿ ಆರು ವಾರ ಇದ್ದೆ. ಅವನು ಅಲ್ಲಿಯ ಪ್ರಜೆಯಾಗಿ ಬಹಳ ಕಾಲವಾಯಿತು. ಗ್ಯಾರೇಜಿನ ಮೂಲೆಯಲ್ಲೊಂದು ಬೆಂಚು, ಅದಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಪ್ರೆಸ್ಸು. ನಮ್ಮೂರಿನ ನೂಪುಟ್ಟು ಒತ್ತುವ ಒರಳಿನ ನೆನಪು ತರುವಂಥದ್ದು. ಶನಿವಾರ ರಾತ್ರಿ ಅಲ್ಲಿ ಕೂತು ತನ್ನ ರೈಫಲ್ಲಿನ ತೋಟಾಗಳನ್ನು ತಾನೇ ತುಂಬುತ್ತಾನೆ. ಅಲ್ಲಿ ಎಷ್ಟೋ ಜನರಿಗೆ ಇದು ಹವ್ಯಾಸ. ನನಗೆ ಮಾತ್ರ ಸಿಟ್ಟು ಬಂತು. ಕೆಳಗೆ ಮದ್ದು, ಮೇಲೆ ಮಗಳು ಮಲಗುವ ಕೋಣೆ!

ಮಕ್ಕಳೇ, ನೀವು ಪುಣೆಯಲ್ಲಿ ಹುಟ್ಟಿದವರು, ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮದು ಕೊಡಗಿನ ಜಮ್ಮಾ ಹಿಡುವಳಿಯ ಮನೆ. ಅಂಥ ಮನೆಯವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಉಂಟು. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಗಂಡು ಹುಟ್ಟಿದರೆ ಗಾಳಿಗೆ ಒಂದು ಗುಂಡು, ಸಾವಾದರೆ ಎರಡು. (ಹೆಣ್ಣು ಹುಟ್ಟಿದರೆ ನಮ್ಮ ಮನೆಯಲ್ಲಿ ಸದ್ದಿಲ್ಲ, ಆ ಜಗಳ ಇನ್ನೊಂದು ಸಂಚಿಕೆಗಿರಲಿ.) ಅಪ್ಪನ ತೋಟಾಗಳ ಹಿತ್ತಾಳೆ ತಳದಲ್ಲಿ ‘ಕೆ.ಎಫ್.’ ಎಂದಿರುತ್ತಿತ್ತು. ಕಿರ್ಕಿ ಫ್ಯಾಕ್ಟರಿ, ಅಂದರೆ ಇದೇ ನಮ್ಮ ಖಡ್ಕಿ. ಮದುವೆಯಾಗಿ ಬಂದಾಗ ಈ ಊರಿನಲ್ಲಿ ನನಗೆ ಗುರುತಿದ್ದ ಹೆಸರು ಅದೊಂದೇ.

2009ರ ಜುಲೈಯಲ್ಲಿ ಅಪ್ಪ ತೀರಿಕೊಂಡರು. ತಮ್ಮ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗುಂಡು ಹಾರಿಸಿದವನು ಚಿಕ್ಕಪ್ಪನ ಮಗ. ಆ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬೆಂಚಿಗೆ ಬರೋಣ. ಹಾರಿಸಿದಾಗ ಹಿತ್ತಾಳೆ ಕೊಳವೆಯ ಕುತ್ತಿಗೆ ಹಿಗ್ಗುತ್ತದೆ. ಅದನ್ನು ಡೈಯೊಳಗೆ ಒತ್ತಿ, ಗುಂಡಿಗಿಂತ ಒಂದಿಷ್ಟು ಕಿರಿದಾಗಿಸಬೇಕು. ಒಂದಿಷ್ಟು ಎಂದರೆ ಇಂಚಿನ ಸಾವಿರದಲ್ಲಿ ಎರಡು ಪಾಲು, ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಗುಂಡನ್ನು ಒತ್ತಿದಾಗ ಹಿತ್ತಾಳೆ ಹಿಗ್ಗಿ, ಮರಳಿ ಕುಗ್ಗಲು ನೋಡುತ್ತಾ ಅದನ್ನು ಅವುಚಿಕೊಳ್ಳುತ್ತದೆ. ಆ ಹಿಡಿತವೇ ನೆಕ್ ಟೆನ್ಷನ್. ಸಡಿಲವಾದರೆ ರೈಫಲ್ಲಿಗೆ ಏರಿಸುವಾಗ ಗುಂಡು ಒಳಕ್ಕೆ ಜಾರೀತು. ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರೀತು. ಹಿಡಿತ ಎಲ್ಲ ತೋಟಾಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ಒಂದೊಂದರ ವೇಗ ಒಂದೊಂದಾಗಿ ದೂರದ ಗುರಿಯಲ್ಲಿ ಒಂದು ಮೇಲೆ, ಒಂದು ಕೆಳಗೆ. ಹಿತ್ತಾಳೆಯೋ, ಹಾರಿಸಿ ಒತ್ತಿ, ಹಾರಿಸಿ ಒತ್ತಿ ಗಡುಸಾಗುತ್ತದೆ. ಆಗ ಕುತ್ತಿಗೆಯನ್ನಷ್ಟೇ ಕೆಲವು ಸೆಕೆಂಡು ಜ್ವಾಲೆಗೆ ಹಿಡಿದು ಹದಕ್ಕೆ ತರುತ್ತಾನೆ. ತಳಕ್ಕೆ ಕಾವು ತಾಗಬಾರದು.

ಮದ್ದು ತೂಗುವಾಗ ಮಾತಿಲ್ಲ, ಫೋನಿಲ್ಲ. ತೂಗಿ ಮುಗಿದ ಕೂಡಲೇ ಡಬ್ಬಿ ಬೀಗದ ಪೆಟ್ಟಿಗೆಗೆ. ನನ್ನ ಸಿಟ್ಟು ಅರ್ಧ ಅಲ್ಲಿಯೇ ಇಳಿಯಿತು.

ಗುಂಡು ಕೂರಿಸುವಾಗ ಹಿಡಿಯನ್ನು ನಿಧಾನವಾಗಿ ಇಳಿಸುತ್ತಾನೆ. ಒಂದು ಗುಂಡು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಇಳಿಯಿತು. ತೆಗೆದು ಪಕ್ಕಕ್ಕಿಟ್ಟ. ನಾನು ಕ್ಯಾಲಿಪರ್ ಹಿಡಿದು ನೋಡಿದೆ. ‘ಸರಿಯಾಗಿಯೇ ಇದೆಯಲ್ಲೋ!’

‘ಉದ್ದ ಸರಿಯಿದೆ ಅಕ್ಕ. ಹಿಡಿತ ಇಲ್ಲ. ಕೈಗೆ ಗೊತ್ತಾಗುತ್ತದೆ.’

ಹದಿನಾಲ್ಕರ ಮಗಳು ನಿದ್ದೆ ಬರಲಿಲ್ಲವೆಂದು ಇಳಿದು ಬಂದಳು. ಊರಿನ ಕೋವಿಯ ಕಥೆ ಕೇಳುತ್ತಾ ಕೂತವಳು, ‘ಅಜ್ಜ ಹೋದಾಗ ಯಾರು ಹಾರಿಸಿದ್ದು ಅತ್ತೆ?’ ಎಂದುಬಿಟ್ಟಳು.

ತಮ್ಮನೇ ಹೇಳಿದ, ‘ನಾನಿರಲಿಲ್ಲ.’

ನಾನು ಆ ದಿನದ ಮಳೆ ಹೇಳಿದೆ, ಗದ್ದೆಯಾಚೆಯವರು ಸದ್ದು ಕೇಳಿಯೇ ವಿಷಯ ತಿಳಿದು ಕೊಡೆ ಹಿಡಿದು ಬಂದದ್ದು ಹೇಳಿದೆ. ಅವನ ಕೈ ಹಿಡಿಯ ಮೇಲೆ ನಿಂತಿತ್ತು.

‘ಎರಡರ ನಡುವೆ ಎಷ್ಟು ಹೊತ್ತು ಬಿಟ್ಟರು?’ ಎಂದು ಕೇಳಿದ. ಹದಿನಾಲ್ಕು ವರ್ಷಕ್ಕೆ ಅದೇ ಮೊದಲ ಪ್ರಶ್ನೆ.

‘ಒಂದು ಉಸಿರಿನಷ್ಟು’ ಎಂದೆ.

ತಲೆಯಾಡಿಸಿದ. ಆಮೇಲೆ ಇನ್ನೊಂದು ಗುಂಡು ತೆಗೆದುಕೊಂಡು ಹಿಡಿ ಇಳಿಸಿದ. ದೀಪ ಆರಿಸುವಾಗ ಗಂಟೆ ಒಂದೂವರೆ.