ಔಷಧಶಾಲೆಯೂ ರುದ್ರಭೂಮಿಯೂ

ರಾಯಚೂರಿನ ಕೋಟೆಯನ್ನು ನೋಡಿದವರು ಅಲ್ಲಿಯ ಗೋಡೆಯಲ್ಲಿ ಕೂಡಿಸಿರುವ, 41 ಅಡಿಗಳಿಗೂ ಮಿಗಿಲಾದ ಉದ್ದವುಳ್ಳ ಒಂದು ಶಿಲೆಯನ್ನು ಮರೆಯಲಾರರು. ಗೋರೆ ಗನ್ನಯ ರೆಡ್ಡಿಯ ಕೈಕೆಳಗಿನ ವಿಠಲನು 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಆ ಶಿಲೆಯ ಮೇಲಿನ ಶಾಸನವು ಸಾರುವುದು. ಸಮೀಪದಲ್ಲಿಯೇ, ಅಂತಹ ಬಂಡೆಯೊಂದನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆದು ತರುವ ಚಿತ್ರವನ್ನೂ ಕೊರೆದಿರುವರು. ಕಟ್ಟಿಸಿದವನ ಹೆಸರು ಅಕ್ಷರವಾಗಿ ನಿಂತಿತು. ಎಳೆದವರು ಬರಿಯ ಗೆರೆಗಳಾಗಿ ಉಳಿದರು. ಕೋಟೆಕೊತ್ತಲಗಳ ವಿಷಯದಲ್ಲಿ ಇದು ಸಹಜವೆಂದು ನಾವು ಸುಮ್ಮನಾಗಬಹುದು. ಆದರೆ ದಯೆಯಿಂದ ಹುಟ್ಟಿದ ಆಸ್ಪತ್ರೆಗಳ ಚರಿತ್ರೆಯಲ್ಲಿಯೂ ಹೀಗೆಯೇ ಆಗಿರುವುದನ್ನು ಕಂಡಾಗ ಮನಸ್ಸು ಸ್ವಲ್ಪ ನಿಂತು ಯೋಚಿಸುವುದು.

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳವರೆಗೆ ಕಾದಾಡಿದರು. ದೇವದುರ್ಗ, ಮಾನ್ವಿ, ರಾಯಚೂರುಗಳ ಸೀಮೆಯೆಲ್ಲವೂ ಈ ಎರಡು ನದಿಗಳ ನಡುವಿನದೇ. 1443ರಲ್ಲಿ ಇಮ್ಮಡಿ ದೇವರಾಯನು ಮುದುಗಲ್ಲನ್ನು ಹಿಡಿದು ರಾಯಚೂರಿಗೆ ಮುತ್ತಿಗೆ ಹಾಕಿಸಿದನು. ಅವನನ್ನು ಎದುರಿಸಿದವನು 1436ರಿಂದ 1458ರವರೆಗೆ ಆಳಿದ ಇಮ್ಮಡಿ ಅಲಾವುದ್ದೀನ್ ಅಹಮದ್ ಷಹನು. ಇದೇ ಸುಲ್ತಾನನು ತನ್ನ ರಾಜಧಾನಿಯಾದ ಬೀದರಿನಲ್ಲಿ ಒಂದು ಆಸ್ಪತ್ರೆಯನ್ನು ಸ್ಥಾಪಿಸಿ, ರೋಗಿಗಳ ಔಷಧಕ್ಕೂ ಅನ್ನಪಾನಕ್ಕೂ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ನೇಮಿಸಿದನೆಂದು ಬಿಜಾಪುರದಲ್ಲಿದ್ದು ಇತಿಹಾಸವನ್ನು ಬರೆದ ಫಿರಿಸ್ತನು ತಿಳಿಸಿರುವನು. ಒಂದೇ ಕೈ ಗಾಯವನ್ನೂ ಮಾಡಿಸಿತು, ಮದ್ದನ್ನೂ ಕೊಡಿಸಿತು!

ಕಾಲಿನ ಬಾಧೆಯಿಂದ ಅರಮನೆಯನ್ನು ಬಿಟ್ಟು ಹೊರಬರಲಾರದೆ ಹೋದಾಗ ಈ ಸುಲ್ತಾನನು ಸತ್ತನೆಂಬ ವದಂತಿಯೇ ಹಬ್ಬಿದ್ದಿತು. ಅಷ್ಟು ವೈದ್ಯರನ್ನು ಸಾಕಿದವನಿಗೂ ಮರಣವು ತಪ್ಪಲಿಲ್ಲ. ಬೀದರಿನ ಬಳಿಯ ಅಷ್ಟೂರಿನಲ್ಲಿ, ಬಹಮನಿ ಮನೆತನದವರ ಗುಮ್ಮಟಗಳ ಸಾಲಿನಲ್ಲಿ, ಬಣ್ಣದ ಹೆಂಚುಗಳ ಕೆಲಸವುಳ್ಳ ಅವನ ಗೋರಿಯನ್ನು ಇಂದಿಗೂ ಕಾಣಬಹುದು.

ಆದರೆ ಗುಮ್ಮಟದೊಳಗಿನ ದಾತನಿಗಿಂತಲೂ ಅವನ ಆಸ್ಪತ್ರೆಗೆ ಬಂದ ರೋಗಿಯೇ ನನ್ನನ್ನು ಹೆಚ್ಚಾಗಿ ಕಾಡುವನು. ಆಸ್ಪತ್ರೆಯೆಂದ ಮೇಲೆ ಗುಣವಾಗಿ ಹೋಗುವವರು ಹೇಗೋ, ಗುಣವಾಗದೆ ಉಳಿಯುವವರೂ ಹಾಗೆಯೇ. ಬಂಧುಬಳಗವುಳ್ಳವನನ್ನು ನಾಲ್ವರು ಹೆಗಲಿಗೇರಿಸಿ ಒಯ್ಯುವರು. ದಾರಿಹೋಕನು, ಕೂಲಿಯ ಸಿಪಾಯಿ, ತಬ್ಬಲಿ ಮಗು, ಇವರಿಗೆ ಹಿಡಿ ಮಣ್ಣು ಹಾಕುವವರಾರು? ಔಷಧವನ್ನು ಕೊಟ್ಟ ಧರ್ಮವೇ ಆ ಮಣ್ಣನ್ನೂ ಹಾಕಬೇಕಲ್ಲವೆ?

ಹೀಗೆ ಹಾಕಿದ ಮಣ್ಣು ಶತಮಾನಗಳ ಮೇಲೆಯೂ ಮಾತನಾಡಬಲ್ಲುದೆಂಬುದಕ್ಕೆ ದೂರದ ಇಂಗ್ಲೆಂಡಿನಲ್ಲಿ ಒಂದು ನಿದರ್ಶನವುಂಟು. ಕೇಂಬ್ರಿಡ್ಜ್ ಪಟ್ಟಣದವರು 1195ರ ಸುಮಾರಿಗೆ ದೀನರಿಗಾಗಿ ಸಂತ ಜಾನನ ಹೆಸರಿನ ಆಸ್ಪತ್ರೆಯೊಂದನ್ನು ತೆರೆದರು. 1511ರಲ್ಲಿ ಅದರ ಸ್ಥಾನದಲ್ಲಿ ಸೇಂಟ್ ಜಾನ್ಸ್ ಕಾಲೇಜು ಹುಟ್ಟಿತು. ಆಸ್ಪತ್ರೆಯ ಮಸಣವು ಕಟ್ಟಡಗಳ ಅಡಿಯಲ್ಲಿ ಮರೆಯಾಯಿತು. 2010ರಲ್ಲಿ ಪ್ರಾರಂಭವಾದ ಉತ್ಖನನದಲ್ಲಿ 400ಕ್ಕೂ ಹೆಚ್ಚು ಮಂದಿಯ ಸಮಾಧಿಗಳು ದೊರೆತವು. ಒಪ್ಪವಾದ ಸಾಲುಗಳು, ಆಭರಣವಿಲ್ಲ, ಹೆಚ್ಚಿನವರಿಗೆ ಪೆಟ್ಟಿಗೆಯೂ ಇಲ್ಲ. 2023ರಲ್ಲಿ ವಿದ್ವಾಂಸರು ಪ್ರಕಟಿಸಿದ ಸಂಶೋಧನೆಯು ಆ ಎಲುಬುಗಳಿಂದಲೇ ಅವರ ಬಾಳನ್ನು ಓದಿತು. ಹಸಿವಿನಿಂದ ವಯಸ್ಸಿಗೆ ತಕ್ಕಷ್ಟು ಬೆಳೆಯದೆ ಹೋದ ಮಕ್ಕಳು, ಕ್ಷಯರೋಗದ ಗುರುತುಳ್ಳವರು, ಮೊದಲು ಚೆನ್ನಾಗಿ ಉಂಡು ಬಾಳಿ ಕಡೆಗಾಲದಲ್ಲಿ ಬಡತನಕ್ಕಿಳಿದವರು, ಇವರೆಲ್ಲರೂ ಅಲ್ಲಿ ಒಂದೇ ಬಗೆಯಾಗಿ ಮಲಗಿರುವರು. ಹೆಸರು ಅಳಿದರೂ ಸಾಲು ಕೆಡಲಿಲ್ಲ. ಆ ಸಾಲನ್ನು ಹಾಕಿದವರಲ್ಲಿ ಒಂದು ಗೌರವಬುದ್ಧಿಯಿದ್ದಿತು.

ನಮ್ಮ ನಾಡಿನಲ್ಲಿ ಈ ಭಾವನೆಯು ಹೊಸತೇನಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಅದು ವಿದ್ಯೆಗೆ ಮಾತ್ರವೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರ ಅನ್ನದಾನಕ್ಕೂ, ಅನಾಥ ರೋಗಿಗಳ ಚಿಕಿತ್ಸೆಗೂ ಎಡೆಯಾಗಿದ್ದಿತೆಂದು ಎಣಿಸಿ ಹೇಳುವುದು. ಅನಾಥನನ್ನು ಹೀಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ದಯೆಯ ಮೊದಲ ಮೆಟ್ಟಿಲು.

ಈ ಮಾತು ಬರಿಯ ಪುರಾತನ ಚರ್ಚೆಯಲ್ಲವೆಂಬುದನ್ನು ನಮ್ಮ ಮನೆಯವರು 2021ರಲ್ಲಿ ಅರಿತೆವು. ದೇವದುರ್ಗದ ನಮ್ಮ ಸೋದರತ್ತೆಯವರು ಮಹಾಮಾರಿಗೆ ಸಿಕ್ಕಿ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಕಣ್ಣು ಮುಚ್ಚಿದರು. ಹತ್ತಿರ ಹೋಗುವಂತಿರಲಿಲ್ಲ, ಮುಖ ನೋಡುವಂತಿರಲಿಲ್ಲ. ಮಣ್ಣು ಮಾಡಿದವರು ನಮಗೆ ಗುರುತಿಲ್ಲದ ಕೆಲಸಗಾರರು. ಅಂದು ಸಂಜೆ ಅವರಲ್ಲೊಬ್ಬನು ತಾನಾಗಿಯೇ ದೂರವಾಣಿಯಲ್ಲಿ, “ಬೇವಿನ ಗಿಡದ ಕಡಿಂದ ಎಣಸ್ರಿ, ಮೂರನೇದು ನಿಮ್ಮ ಅತ್ತಿಯವರದು. ನಿಮ್ಮ ಹೆಸರ್ಲೆ ನಾನಽ ಒಂದು ಹಿಡಿ ಮಣ್ಣು ಹಾಕೀನಿ” ಎಂದು ತಿಳಿಸಿದನು. ಮೂರು ದಿನಗಳಿಂದ ಬಾಯಿಗೆ ತುತ್ತಿಡದಿದ್ದ ಮಾವನವರು ಆ ಮಾತನ್ನು ಕೇಳಿದ ಮೇಲೆ ಅತ್ತರು. ಅತ್ತ ಮೇಲೆ ಉಂಡರು. ಎಷ್ಟನೆಯದೆಂಬ ಒಂದು ಎಣಿಕೆಯು ಒಂದು ಮನೆಗೆ ಎಷ್ಟು ಆಧಾರವಾಗಬಲ್ಲುದೆಂಬುದನ್ನು ಅಂದು ಕಣ್ಣಾರೆ ಕಂಡೆನು.

ಆದುದರಿಂದ ಆಸ್ಪತ್ರೆಗೆ ಹಾಸಿಗೆಯನ್ನೋ ಔಷಧವನ್ನೋ ದಾನಮಾಡುವ ಪುಣ್ಯವಂತರು, ಅಲ್ಲಿ ದಿಕ್ಕಿಲ್ಲದೆ ಮಡಿದವರ ಅಂತ್ಯಕ್ರಿಯೆಗೂ ಒಂದು ಪಾಲನ್ನು ಮೀಸಲಿಡಲಿ. ಹೆಸರು ತಿಳಿದಿದ್ದರೆ ಹೆಸರನ್ನು, ತಿಳಿಯದಿದ್ದರೆ ದಿನವನ್ನೂ ಸಾಲನ್ನೂ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯು ಬೆಳೆಯಲಿ. ಊರ ಹೊರಗಿನ ಹಳೆಯ ಸಮಾಧಿಗಳ ನೆಲವು ಯಾವ ಮತದವರದೇ ಆಗಿರಲಿ, ಅದನ್ನು ಒತ್ತಿ ಉಳುವ ಮೊದಲು ಒಕ್ಕಲಿಗನು ನೇಗಿಲನ್ನು ನಿಲ್ಲಿಸಲಿ. ಮಕ್ಕಳೊಡನೆ ಅಂತಹ ನೆಲದ ಬದಿಯಲ್ಲಿ ಹೋಗುವಾಗ, ಹೆದರಿಸುವ ಭೂತದ ಕಥೆಯನ್ನು ಬಿಟ್ಟು, ಇಲ್ಲಿ ಯಾರ ಮನೆಯವರೋ ಮಲಗಿರುವರೆಂದು ಹೇಳೋಣ. ಇಷ್ಟನ್ನು ಮಾಡಲು ಸುಲ್ತಾನನ ಭಂಡಾರವೇನೂ ಬೇಕಾಗಿಲ್ಲ.