ತಾರಸಿ ರೂಮಿನಿಂದ ಕಾವಲೂರಿಗೆ

ಹನುಮಂತನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಶೀಟು ಹೊದಿಸಿದ ಒಂದು ರೂಮಿದೆ. ಎಂಟಡಿ ಅಗಲ, ಹತ್ತಡಿ ಉದ್ದ. ಮೊದಲು ಹಳೇ ಕುಕ್ಕರ್, ಕಾಲು ಮುರಿದ ಕುರ್ಚಿ, ದೀಪಾವಳಿಯ ಸೀರಿಯಲ್ ಸೆಟ್ಟು ಬಿದ್ದಿರುತ್ತಿದ್ದ ಜಾಗ. ಈಗ ನಡುವೆ ಒಂದು ನೀಲಿ ಡ್ರಮ್ಮು ನಿಂತಿದೆ. ಕಾವೇರಿ ನೀರು ಬಾರದ ದಿನಕ್ಕೆಂದು ಕೊಂಡದ್ದು. ಕಳೆದ ವರ್ಷ ಅದರ ಸುತ್ತ ನಾನು ಎಷ್ಟು ಪ್ರದಕ್ಷಿಣೆ ಹಾಕಿದೆನೋ ಲೆಕ್ಕವಿಲ್ಲ.

ಇದೆಲ್ಲ ಶುರುವಾಗಿದ್ದು ಕಣ್ಣಾಸ್ಪತ್ರೆಯಲ್ಲಿ, 2025ರ ಜನವರಿಯಲ್ಲಿ. ಅಪ್ಪ ಮೂವತ್ತು ವರ್ಷ ಸಾರಿಗೆ ಬಸ್ ಓಡಿಸಿ ನಿವೃತ್ತರಾದವರು. ಪಕ್ಕದಿಂದ ಬಂದ ಸ್ಕೂಟರ್ ಕಾಣದೆ ಎರಡು ಸಲ ಎಡವಟ್ಟಾಗಿತ್ತು. ಪರೀಕ್ಷೆ ಮಾಡಿದ ಡಾಕ್ಟರು ‘ಗ್ಲಾಕೋಮಾ’ ಅಂದರು. ಕಣ್ಣಿನ ನರ ಹಾಳಾಗುತ್ತಾ ಬರುತ್ತದೆ, ಸಾಮಾನ್ಯವಾಗಿ ಮೊದಲು ಅಂಚಿನ ನೋಟ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ದಿನಾ ಡ್ರಾಪ್ಸ್ ಹಾಕಿ ಉಳಿದದ್ದನ್ನು ಕಾಪಾಡಿಕೊಳ್ಳಬೇಕು.

ಆಟೋದಲ್ಲಿ ಬರುವಾಗ ಅಪ್ಪ ಕೇಳಿದರು, “ಕನ್ನಡಕ ಹಾಕಿದ್ರೆ ಸರಿಹೋಗಲ್ವೇನೋ? ಹಾಗಾದ್ರೆ ಈ ಕನ್ನಡಕ ಮಾಡೋ ಕೆಲಸ ಆದ್ರೂ ಏನು?”

ಇಂಜಿನಿಯರಿಂಗ್ ಓದಿ, ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ ನೆಟ್ಟಗೆ ಉತ್ತರ ಬರಲಿಲ್ಲ. ಬೆಳಕಿನ ಪಾಠವನ್ನು ಪರೀಕ್ಷೆಗೆ ಓದಿ ಮರೆತಿದ್ದೆ ಅಷ್ಟೆ. ಮನೆಗೆ ಬಂದು ಪಿಯುಸಿ ಪುಸ್ತಕ ಹುಡುಕಿದೆ. ಅಪ್ಪನ ಓದುವ ಕನ್ನಡಕ ಪ್ಲಸ್ ಎರಡು. ಅದನ್ನು ಗೋಡೆಯಿಂದ ಸುಮಾರು ಅರ್ಧ ಮೀಟರ್ ದೂರ ಹಿಡಿದಾಗ, ಕಿಟಕಿಯಾಚೆಯ ತೆಂಗಿನಮರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿತು! ಒಂದನ್ನು ಅರ್ಧದಿಂದ ಭಾಗಿಸಿದರೆ ಎರಡು. ನಂಬರು ಅಂದರೆ ಅಷ್ಟೇ. ಕನ್ನಡಕ ಬೆಳಕನ್ನು ಬಾಗಿಸುತ್ತದೆ, ಸವೆದ ನರವನ್ನು ಸರಿಮಾಡಲಾರದು ಅಂತ ಅಪ್ಪನಿಗೆ ಹೇಳಿದೆ. ಅವರು ಗೋಡೆಯ ಮೇಲಿನ ಮರವನ್ನು ಸುಮಾರು ಹೊತ್ತು ನೋಡಿ, “ನೈಟ್ ಡ್ಯೂಟಿಲಿ ಆಕಾಶ ಬೇಕಾದಷ್ಟು ನೋಡಿದೀನಿ. ಆ ಶನಿಗೆ ನಿಜವಾಗ್ಲೂ ಬಳೆ ಇದೆಯಾ?” ಅಂದರು.

ದೂರದರ್ಶಕ ಕೊಳ್ಳಬಹುದಿತ್ತು. ಆದರೆ ಕೈಯಲ್ಲಿ ಹಿಡಿಯುವಂಥದ್ದು ಏನನ್ನೂ ನಾನು ಮಾಡಿದವನಲ್ಲ. ಕನ್ನಡಿ ನಾನೇ ಉಜ್ಜುತ್ತೇನೆ ಅಂತ ಹಟ ಹಿಡಿದೆ. ಅಮ್ಮನಿಗೆ ಗಾಬರಿ. “ಶನಿ ಹೆಗಲೇರಿದ್ರೆ ಜನ ಎಳ್ಳುದೀಪ ಹಚ್ಚಿ ಓಡಿಸ್ತಾರೆ. ಇವನು ಹುಡುಕ್ಕೊಂಡು ಹೋಗ್ತಾನಂತೆ!”

150 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಎರಡು ಗಾಜಿನ ಬಿಲ್ಲೆ ತಂದೆ. ಎಸ್.ಜೆ.ಪಿ. ರಸ್ತೆಯಲ್ಲಿ ನಟ್ಟು, ಬೋಲ್ಟು, ಪ್ಲೈವುಡ್ ತುಂಡು ಸಿಕ್ಕವು. ವಿಧಾನ ನಮ್ಮ ರುಬ್ಬುವ ಕಲ್ಲಿನದೇ. ಒಂದು ಬಿಲ್ಲೆಯನ್ನು ಡ್ರಮ್ಮಿನ ಮೇಲೆ ಕೂರಿಸಿ, ಕಾರ್ಬೊರಂಡಂ ಪುಡಿ, ನೀರು ಹಾಕಿ, ಮೇಲೆ ಇನ್ನೊಂದನ್ನಿಟ್ಟು ಹಿಂದೆ ಮುಂದೆ ಉಜ್ಜುತ್ತಾ ಡ್ರಮ್ ಸುತ್ತಬೇಕು. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. 1200 ಮಿ.ಮೀ. ಫೋಕಸ್ ಬೇಕಾದರೆ ನಡುವಿನ ತಗ್ಗು 1.2 ಮಿ.ಮೀ. ಆದರೆ ಸಾಕು. “ಗಾಣದೆತ್ತು ಆಗ್ಬಿಟ್ಟೆಯಲ್ಲೋ!” ಅಂತ ಅಪ್ಪ ನಗುತ್ತಿದ್ದರು. “ನನ್ನ ಬಸ್ಸಿನ ಸೈಡ್ ಮಿರರ್ ಉಬ್ಬು. ಹಿಂದಿನ ಗಾಡಿ ಚಿಕ್ಕದಾಗಿ, ದೂರ ಇರೋ ಹಾಗೆ ಕಾಣುತ್ತೆ, ನಂಬಬಾರ್ದು. ನಿಂದು ಅದರ ಉಲ್ಟಾ.” ಪುಸ್ತಕದ ನಿಮ್ನ ದರ್ಪಣ, ಪೀನ ದರ್ಪಣ ಅಷ್ಟರಲ್ಲೇ ಮುಗಿದುಹೋಯಿತು.

80ನೇ ನಂಬರಿನ ದಪ್ಪ ಪುಡಿಯಿಂದ ಶುರುಮಾಡಿ 120, 220, 400, ಹೀಗೆ ನುಣುಪಿನ ಕಡೆಗೆ ಹೋಗಬೇಕು. ಪ್ರತಿ ಸಲ ಎಲ್ಲವನ್ನೂ ತೊಳೆಯಬೇಕು, ಬಟ್ಟೆಯನ್ನೂ ಬದಲಾಯಿಸಬೇಕು. ಕೊನೆಗೆ ರಾಳದ ಪದರದ ಮೇಲೆ ಸೀರಿಯಂ ಆಕ್ಸೈಡ್ ಹಾಕಿ ಪಾಲಿಶ್. ಆ ಹಂತದಲ್ಲಿ ಹಳೇ ಪುಡಿಯ ಒಂದೇ ಒಂದು ಕಾಳು ಸಿಕ್ಕಿಕೊಂಡರೂ ಕೆಲಸ ಕೆಟ್ಟಿತು.

ಸೆಪ್ಟೆಂಬರಿನ ಒಂದು ಭಾನುವಾರ ಕೆಟ್ಟೇಬಿಟ್ಟಿತು. ನನಗೆ ಸಹಾಯವಾಗಲಿ ಅಂತ ಅಪ್ಪ ರೂಮಿನ ಮೂಲೆಯನ್ನೆಲ್ಲ ಪೊರಕೆಯಿಂದ ಗುಡಿಸಿದ್ದರು. ನಾನು ಕಾಫಿ ಕುಡಿದು ಬಂದು ಉಜ್ಜಿದೆ. ‘ಕರ್’ ಅಂತ ಸದ್ದು. ಹೊಳೆಯುವ ಗಾಜಿನ ಮೇಲೆ ಉದ್ದಕ್ಕೆ ಗೀರು. ಎರಡು ತಿಂಗಳ ಕೆಲಸ.

“ನೋಡಿ ಮಾಡ್ಬಾರ್ದಾ ಅಪ್ಪಾ? ಬಿಲ್ಲೆ ತೆರೆದಿಟ್ಟಿರೋದು ಕಾಣ್ಲಿಲ್ವಾ?”

ಬಿಲ್ಲೆ ಇದ್ದದ್ದು ಅವರ ಎಡಕ್ಕೆ, ಒಂದು ಮಾರು ದೂರದಲ್ಲಿ. ಆ ಕಡೆ ಅವರಿಗೆ ಕಾಣುವುದಿಲ್ಲ ಅನ್ನುವುದು ಮಾತು ಬಾಯಿಂದ ಹೋದ ಮೇಲೆ ನೆನಪಾಯಿತು. ಅಪ್ಪ ಪೊರಕೆಯನ್ನು ಗೋಡೆಗೆ ಒರಗಿಸಿ ಕೆಳಗೆ ಇಳಿದುಹೋದರು. ಆಮೇಲೆ ತಾರಸಿಗೆ ಬರಲೇ ಇಲ್ಲ. ಕ್ಷಮಿಸಿ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಅಭ್ಯಾಸವಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ, “ಶನಿವಾರ ಕಾವಲೂರಿಗೆ ಹೋಗೋಣ್ವಾ?” ಅಂತ ಕೇಳಿದೆ. “ಶನಿ ನೋಡೋಕೆ ಶನಿವಾರವೇ ಆಗ್ಬೇಕೇನೋ” ಅಂದರು. ಒಪ್ಪಿದ್ದಾರೆ ಅಂತ ಅರ್ಥ.

ಕಾವಲೂರು ಇರುವುದು ತಮಿಳುನಾಡಿನ ಜವ್ವಾದು ಬೆಟ್ಟಗಳಲ್ಲಿ, ಬೆಂಗಳೂರಿನಿಂದ ಸುಮಾರು 175 ಕಿ.ಮೀ. ಹೊಸೂರು, ಕೃಷ್ಣಗಿರಿ ದಾಟಿ ವಾಣಿಯಂಬಾಡಿಯಲ್ಲಿ ಹೆದ್ದಾರಿ ಬಿಟ್ಟರೆ ಆಲಂಗಾಯಂ, ಆಮೇಲೆ ಬೆಟ್ಟದ ದಾರಿ. ತಿರುವಿನಲ್ಲೆಲ್ಲ ಅಪ್ಪನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. “ಹಾರ್ನ್ ಹೊಡಿ, ಸೆಕೆಂಡ್ ಗೇರಿಗೆ ಇಳಿಸು” ಅಂತ ಅಷ್ಟು ದಿನದ ಮೇಲೆ ಬಾಯಿಬಿಟ್ಟರು. ಬೈಸಿಕೊಂಡರೂ ಖುಷಿಯಾಯಿತು.

ಸುಮಾರು 725 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ಬಿಳಿ ಗುಮ್ಮಟಗಳು. ಬೆಂಗಳೂರಿನ ಭಾರತೀಯ ತಾರಾ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಇದು. ಇಲ್ಲಿನ ಒಂದು ಮೀಟರ್ ದೂರದರ್ಶಕದಿಂದ 1977ರಲ್ಲಿ ಯುರೇನಸ್‌ನ ಉಂಗುರಗಳ ಸುಳಿವು ಸಿಕ್ಕಿತ್ತು. ದೊಡ್ಡ ಗುಮ್ಮಟದೊಳಗೆ 2.34 ಮೀಟರ್ ಕನ್ನಡಿಯ ವೇಣು ಬಪ್ಪು ದೂರದರ್ಶಕ. ನನ್ನ ತಾರಸಿ ರೂಮಿನ ಅಗಲಕ್ಕಿಂತ ತುಸುವೇ ಕಡಿಮೆ! ಆ ಕನ್ನಡಿಯನ್ನು ಉಜ್ಜಿ ಪಾಲಿಶ್ ಮಾಡಿದ್ದು ನಮ್ಮ ಕೋರಮಂಗಲದಲ್ಲೇ ಅಂತ ಅಪ್ಪನಿಗೆ ಹೇಳಿದೆ. ಇದರ ಕನಸು ಕಂಡ ವೇಣು ಬಪ್ಪು 1982ರಲ್ಲಿ ತೀರಿಕೊಂಡರು. ದೂರದರ್ಶಕ ಉದ್ಘಾಟನೆಯಾಗಿದ್ದು 1986ರ ಜನವರಿಯಲ್ಲಿ.

“ಪಾಪ, ಅವರು ನೋಡ್ಲೇ ಇಲ್ಲ” ಅಂದರು ಅಪ್ಪ. ಸಂಜೆ ಮೋಡ ಮುಚ್ಚಿ ನಮಗೂ ಏನೂ ಕಾಣಲಿಲ್ಲ. ವಾಪಸ್ ಬರುವಾಗ ಕೃಷ್ಣಗಿರಿಯ ಹತ್ತಿರ ಟೀ ಕುಡಿಯುತ್ತಾ, “ಆ ಗೀರು ಹೋಗುತ್ತೇನೋ?” ಅಂತ ಕೇಳಿದರು. ಹೋಗುತ್ತೆ, 220ರಿಂದ ಮತ್ತೆ ಶುರುಮಾಡಬೇಕು ಅಂದೆ. “ಹಾಗಾದ್ರೆ ಮಾಡು. ಪೊರಕೆ ಮುಟ್ಟಲ್ಲ. ನೀರು ಹಾಕ್ತೀನಿ.”

ನವೆಂಬರಿನಲ್ಲಿ ಪರೀಕ್ಷೆಯ ಹಂತಕ್ಕೆ ಬಂದೆವು. 19ನೇ ಶತಮಾನದಲ್ಲಿ ಫ್ರಾನ್ಸಿನ ಫೂಕೊ ಹೇಳಿಕೊಟ್ಟ ಉಪಾಯಕ್ಕೆ ಒಂದು ಸಣ್ಣ ಎಲ್‌ಇಡಿ, ಒಂದು ಶೇವಿಂಗ್ ಬ್ಲೇಡು ಸಾಕು. ಕನ್ನಡಿಯಿಂದ 2.4 ಮೀಟರ್ ದೂರದಲ್ಲಿ, ವಾಪಸ್ ಬರುವ ಬೆಳಕಿಗೆ ಬ್ಲೇಡಿನ ಅಂಚನ್ನು ಅಡ್ಡ ತಂದರೆ ಗಾಜಿನ ಉಬ್ಬುತಗ್ಗು ನೆರಳಿನಲ್ಲಿ ಎದ್ದು ಕಾಣುತ್ತದೆ. ಅಪ್ಪನಿಗೆ ಹೆಬ್ಬೆರಳನ್ನು ಕನ್ನಡಿಯ ಮೇಲೆ ಅರ್ಧ ನಿಮಿಷ ಒತ್ತಲು ಹೇಳಿ, ಆಮೇಲೆ ಬ್ಲೇಡಿನ ಹಿಂದೆ ಕೂರಿಸಿದೆ. ಬೆರಳಿನ ಬಿಸಿಗೆ ಗಾಜು ಹಿಗ್ಗಿ ಅಲ್ಲೊಂದು ಗುಡ್ಡ ಎದ್ದಿತ್ತು. “ನನ್ನ ಬೆರಳಾ ಇದು?” ಅಂತ, ಆ ಗುಡ್ಡ ಕರಗುವವರೆಗೂ ಅವರು ಕಣ್ಣು ತೆಗೆಯಲಿಲ್ಲ.

ಅಲ್ಯೂಮಿನಿಯಂ ಲೇಪನ ಮಾಡಿಸಿ, ಪಿವಿಸಿ ಪೈಪಿನೊಳಗೆ ಕೂರಿಸಿ, ಪ್ಲೈವುಡ್ ಪೆಟ್ಟಿಗೆಯ ಮೇಲೆ ನಿಲ್ಲಿಸುವಷ್ಟರಲ್ಲಿ ಡಿಸೆಂಬರ್ ಬಂತು. ಏಳು ಗಂಟೆಗೆ ಶನಿ ಎತ್ತರದಲ್ಲಿತ್ತು. 120 ಪಟ್ಟು ದೊಡ್ಡದಾಗಿಸುವ ಐಪೀಸ್ ಹಾಕಿ ಅಪ್ಪನನ್ನು ಕರೆದೆ. ನನಗೆ ಅಳುಕು. ಆ ವರ್ಷ ಶನಿಯ ಉಂಗುರ ನಮಗೆ ಅಂಚು ತೋರಿಸಿಕೊಂಡಿತ್ತು, ಚಿತ್ರದಲ್ಲಿರುವ ಹಾಗೆ ಅಗಲವಾಗಿ ಕಾಣುವಂತಿರಲಿಲ್ಲ.

ಅಪ್ಪ ಬಲಗಣ್ಣಿಟ್ಟರು. ಸ್ವಲ್ಪ ಹೊತ್ತು ಮಾತಿಲ್ಲ.

“ಗೋಲಿಗೆ ಸೂಜಿ ಚುಚ್ಚಿದ ಹಾಗಿದೆ. ಎರಡೂ ಕಡೆ ತುದಿ ಕಾಣುತ್ತೆ.”

“ಸರಿಯಾಗಿ ಕಾಣ್ತಿದೆಯಾ ಅಪ್ಪಾ?”

“ನಟ್ಟನಡುವೆ ಇದೆಯಲ್ಲೋ, ಕಾಣ್ದೇ ಏನು? ಸುತ್ತ ಇರೋದು ಬರೀ ಕತ್ತಲೆ. ಅದು ನಂಗೂ ಅಷ್ಟೇ, ನಿಂಗೂ ಅಷ್ಟೇ.”

ಕೆಳಗಿಂದ ಬಂದ ಅಮ್ಮ ಮೊದಲು ಶನಿಗೆ ಕೈಮುಗಿದು, ಆಮೇಲೆ ಇಣುಕಿ ನೋಡಿದಳು. ಭೂಮಿ ತಿರುಗುವುದರಿಂದ ಒಂದೂವರೆ ನಿಮಿಷಕ್ಕೆಲ್ಲ ಶನಿ ಅಂಚಿಗೆ ಜಾರುತ್ತದೆ. ನಾನು ಸರಿಮಾಡಲು ಕೈ ಚಾಚಿದೆ. ಅಪ್ಪ ನನ್ನ ಕೈ ಸರಿಸಿ, ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ತಿರುಗಿಸಿ ಅದನ್ನು ನಡುವಿಗೆ ತಂದುಕೊಂಡರು.