44 ಗ್ರಾಂ ಉಪ್ಪು

ನಾನು ಅಲ್ ಖುವೈರ್‌ನಲ್ಲಿರುವವಳು, ಈಗ 11ನೇ ತರಗತಿ. ಸಣ್ಣ ಮಕ್ಕಳಿಗೆ ಉಪಯೋಗ ಆಗುವ ಹಾಗೆ "ನಾನು ಕಲಿತ ವಿಜ್ಞಾನ" ಅಂತ ಏನಾದರೂ ಬರೆದುಕೊಡು ಎಂದು ನಮ್ಮ ಕನ್ನಡ ಟೀಚರ್ ಹೇಳಿ ಎರಡು ತಿಂಗಳಾಯಿತು. ಗಿಡಗಳು ಆಹಾರ ತಯಾರಿಸುವ ಬಗ್ಗೆ ಶುರುಮಾಡಿ ಅರ್ಧ ಪುಟಕ್ಕೇ ನಿಲ್ಲಿಸಿದೆ. ಅದೆಲ್ಲ ಪುಸ್ತಕದಲ್ಲೇ ಇದೆ. ನನಗೆ ನಿಜವಾಗಿ ನೆನಪಿರುವುದು 6ನೇ ತರಗತಿಯ ಒಂದು ಪ್ರಯೋಗ, ಮತ್ತು ಅದರಲ್ಲಿ ನಾನು ಬರೆದ ಒಂದು ಸುಳ್ಳು.

ಆಗ ಕೊರೊನಾ ಕಾಲ. ಶಾಲೆ ಅಂದರೆ ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪ್. ವಿಜ್ಞಾನದಲ್ಲಿ "ಪದಾರ್ಥಗಳನ್ನು ಬೇರ್ಪಡಿಸುವುದು" ಎಂಬ ಪಾಠ ಇತ್ತು. ಜರಡಿ ಹಿಡಿಯುವುದು, ಸೋಸುವುದು, ತೂರುವುದು, ಕೊನೆಗೆ ಆವಿಯಾಗಿಸುವುದು. ಸಮುದ್ರದ ನೀರಿನಿಂದ ಉಪ್ಪು ತೆಗೆದು ಎಷ್ಟು ಸಿಕ್ಕಿತು ಬರೆಯಿರಿ ಎಂದು ಮನೆಯಲ್ಲಿ ಮಾಡಲು ಕೊಟ್ಟರು. ಅಪ್ಪ ಸಮುದ್ರತೀರಕ್ಕೆ ಹೋಗಿ ಬಾಟಲಿಯಲ್ಲಿ ನೀರು ತಂದರು. ಅದರಲ್ಲಿ ಸರಿಯಾಗಿ ಒಂದು ಲೀಟರ್ ಅಳೆದು, ಬಟ್ಟೆಯಲ್ಲಿ ಸೋಸಿ, ಅಗಲವಾದ ಸ್ಟೀಲ್ ತಟ್ಟೆಗೆ ಹಾಕಿ ಬಾಲ್ಕನಿಯಲ್ಲಿ ಇಟ್ಟೆವು. ಧೂಳು ಬೀಳದಂತೆ ಅಮ್ಮನ ಹಳೆಯ ದುಪಟ್ಟಾ ಮುಚ್ಚಿದ್ದೆವು. ದಿನಾ ಬೆಳಿಗ್ಗೆ ಕ್ಲಾಸಿಗೆ ಮೊದಲು ಓಡಿಹೋಗಿ ನೋಡುವುದು. ಅಂಚಿನಲ್ಲಿ ಬಿಳಿ ಗೆರೆ, ಮರುದಿನ ಪುಟ್ಟ ಪುಟ್ಟ ಚೌಕದ ಹರಳು. ಒಂದು ವಾರ ಕಳೆದರೂ ತಟ್ಟೆಯಲ್ಲಿ ಸ್ವಲ್ಪ ಪಸೆ ಹಾಗೇ ಇತ್ತು, ಎಷ್ಟು ಬಿಸಿಲಿಗೆ ಇಟ್ಟರೂ ಪೂರ್ತಿ ಒಣಗಲಿಲ್ಲ. ನಾಲಿಗೆಗೆ ಮುಟ್ಟಿಸಿದರೆ ಉಪ್ಪಿನ ಜೊತೆ ಕಹಿ.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 44 ಗ್ರಾಂ.

ಅಷ್ಟರಲ್ಲಿ ನಾನು ಇಂಟರ್‌ನೆಟ್‌ನಲ್ಲಿ ಉತ್ತರ ನೋಡಿಬಿಟ್ಟಿದ್ದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನನ್ನದು 9 ಗ್ರಾಂ ಹೆಚ್ಚು. ಏನೋ ತಪ್ಪು ಮಾಡಿದ್ದೇನೆ ಅನ್ನಿಸಿ ಪುಸ್ತಕದಲ್ಲಿ 44 ಅಳಿಸಿ 35 ಬರೆದೆ. ಫೋಟೋ ಕಳಿಸಿದೆ. ಮರುದಿನ ಟೀಚರ್ ನನ್ನ ಪುಟವನ್ನು ಎಲ್ಲರಿಗೂ ಸ್ಕ್ರೀನ್‌ನಲ್ಲಿ ತೋರಿಸಿ ತುಂಬಾ ಹೊಗಳಿದರು. ನನ್ನ ಗೆಳತಿ ಒಬ್ಬಳು ತನಗೆ ಬಂದಷ್ಟನ್ನೇ ಬರೆದಿದ್ದಳು, 35ಕ್ಕಿಂತ ತುಂಬಾ ಹೆಚ್ಚು. ಅವಳಿಗೆ "ಮತ್ತೊಮ್ಮೆ ತೂಗಿ ನೋಡು" ಎಂದರು. ಅವಳು ನನಗೆ ಮೆಸೇಜ್ ಮಾಡಿ "ನಿನಗೆ ಹೇಗೆ ಸರಿಯಾಗಿ ಬಂತು?" ಎಂದು ಕೇಳಿದಳು. ನಾನು "ನಿಧಾನವಾಗಿ ಮಾಡಬೇಕು" ಎಂದು ಬುದ್ಧಿ ಹೇಳಿದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಆ ವರ್ಷವೇ ಅವಳ ಅಪ್ಪನ ಕೆಲಸ ಹೋಗಿ ಅವರೆಲ್ಲ ಕೇರಳಕ್ಕೆ ವಾಪಸ್ ಹೋದರು.

ಹೋದ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆವು. ಅಜ್ಜನ ಮನೆ ಕುಮಟಾ ತಾಲ್ಲೂಕಿನಲ್ಲಿ. ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟಾದಲ್ಲಿ ಅಜ್ಜ ಕಾರು ನಿಲ್ಲಿಸಿ ಉಪ್ಪಿನ ಆಗರ ತೋರಿಸಿದರು. ಜುಲೈ ತಿಂಗಳು, ಆಗರದ ತುಂಬ ಬರೀ ಮಳೆನೀರು, ಉಪ್ಪಿನ ಒಂದು ಹರಳೂ ಇಲ್ಲ. ಕೊಡೆ ಹಿಡಿದು ನಿಂತು ನನ್ನ ಬಾಲ್ಕನಿ ಉಪ್ಪಿನ ಕಥೆ ಹೇಳಿದೆ (ಸುಳ್ಳಿನ ಭಾಗ ಬಿಟ್ಟು). ಚಿಕ್ಕವರಿದ್ದಾಗ ಆಗರದ ಕೆಲಸಕ್ಕೆ ಹೋಗುತ್ತಿದ್ದ ಅಜ್ಜ ಜೋರಾಗಿ ನಕ್ಕರು.

"ಎಲ್ಲ ನೀರು ಒಣಗ್ಸಿದ್ಯಾ? ಹಾಗೆ ಮಾಡ್ಲಿಕ್ಕಿಲ್ಲ ತಂಗಿ. ಉಪ್ಪು ಕೂತ ಮೇಲೆ ಉಳಿದ ನೀರು ಚೆಲ್ಲಬೇಕು. ಅದು ಕಹಿ ನೀರು. ಅದ್ನ ಬಿಟ್ರೆ ಉಪ್ಪು ಒಣಗೂದೇ ಇಲ್ಲ."

ಅಘನಾಶಿನಿ ನದಿಗೆ ಭರತದಲ್ಲಿ ಏರಿ ಬರುವ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಗಟ್ಟಿಮಾಡುತ್ತಾರೆ ಎಂದು ಕೈಯಲ್ಲೇ ನಕ್ಷೆ ಬರೆದು ತೋರಿಸಿದರು. ಮನೆಗೆ ಬಂದು ನನ್ನ ರಸಾಯನಶಾಸ್ತ್ರದ ಜ್ಞಾನದಿಂದ ಇದನ್ನು ಬಿಡಿಸಿದೆ. ನೀರು ಕಡಿಮೆಯಾಗುತ್ತಾ ಹೋದಂತೆ ಮೊದಲು ಸುಣ್ಣದ ಅಂಶದ ಲವಣಗಳು ಕೆಳಗೆ ಕೂರುತ್ತವೆ, ಆಮೇಲೆ ನಮ್ಮ ಅಡುಗೆ ಉಪ್ಪು. ಕೊನೆಯವರೆಗೂ ನೀರಿನಲ್ಲೇ ಉಳಿಯುವುದು ಮುಖ್ಯವಾಗಿ ಮೆಗ್ನೀಷಿಯಂ ಲವಣಗಳು, ಕಹಿ ಅವುಗಳದ್ದೇ. ಮೆಗ್ನೀಷಿಯಂ ಕ್ಲೋರೈಡ್ ತನ್ನ ಹರಳಿನೊಳಗೇ ನೀರನ್ನು ಹಿಡಿದುಕೊಳ್ಳುತ್ತದೆ, ಸಾಲದ್ದಕ್ಕೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಸ್ಕತ್‌ನ ಗಾಳಿಯಲ್ಲಿ ತೇವಕ್ಕೆ ಏನು ಕೊರತೆ! ಸಾಲದ್ದಕ್ಕೆ ಒಮಾನ್ ಸಮುದ್ರದ ನೀರು ಪ್ರಪಂಚದ ಸರಾಸರಿಗಿಂತ ಸ್ವಲ್ಪ ಹೆಚ್ಚೇ ಉಪ್ಪು. ಅಂದರೆ ನನ್ನ ತಟ್ಟೆಯಲ್ಲಿದ್ದದ್ದು ಬರೀ ಉಪ್ಪಲ್ಲ, ಉಪ್ಪು ಮತ್ತು ಅದು ಬಿಡದೆ ಹಿಡಿದುಕೊಂಡಿದ್ದ ನೀರು. 44 ತಪ್ಪಾಗಿರಲಿಲ್ಲ. ಅದನ್ನು ಅಳಿಸದೆ, ಪಕ್ಕದಲ್ಲಿ "ಕಹಿ, ಒಣಗುತ್ತಿಲ್ಲ" ಎಂದು ಬರೆದಿದ್ದರೆ ಯಾರಾದರೂ ಯಾಕೆ ಎಂದು ಕೇಳುತ್ತಿದ್ದರೋ ಏನೋ.

ನಾವು ಇಲ್ಲಿ ಕುಡಿಯುವುದೂ ಇದೇ ಸಮುದ್ರವನ್ನೇ. ನಮ್ಮ ಪಕ್ಕದ ಘುಬ್ರಾದಲ್ಲಿ 1976ರಲ್ಲೇ ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರ ಶುರುವಾಯಿತು. ಅದು ನೀರು ಕಾಯಿಸಿ, ಆವಿ ಹಿಡಿದು ತಣಿಸುವ ವಿಧಾನ. ಈಗಿನ ಹೊಸ ಸ್ಥಾವರಗಳಲ್ಲಿ ಹೆಚ್ಚು ಒತ್ತಡದಿಂದ ನೀರನ್ನು ತೆಳುವಾದ ಪೊರೆಯ ಮೂಲಕ ದಾಟಿಸುತ್ತಾರೆ. ನಾನು ಉಪ್ಪು ಇಟ್ಟುಕೊಂಡು ನೀರು ಬಿಟ್ಟೆ, ಅವರು ನೀರು ಇಟ್ಟುಕೊಂಡು ಉಪ್ಪು ಬಿಡುತ್ತಾರೆ. 6ನೇ ತರಗತಿಯಲ್ಲಿ ನಲ್ಲಿ ತಿರುಗಿಸುವಾಗ ಇದೊಂದೂ ನನ್ನ ತಲೆಗೆ ಬಂದಿರಲಿಲ್ಲ.

ಮನೆಯಲ್ಲಿ ಮಾಡಿ ನೋಡುವ ಮಕ್ಕಳು ಎರಡು ತಟ್ಟೆ ಇಡಿ. ಒಂದನ್ನು ಪೂರ್ತಿ ಒಣಗಲು ಬಿಡಿ, ಇನ್ನೊಂದರಲ್ಲಿ ಹರಳು ಕೂತ ಮೇಲೆ ಉಳಿದ ನೀರು ಬಸಿಯಿರಿ. ಎರಡನ್ನೂ ತೂಗಿ. ತಕ್ಕಡಿ ಏನು ಹೇಳುತ್ತದೋ ಅದನ್ನು ಪೆನ್ನಿನಲ್ಲಿ ಬರೆಯಿರಿ, ಪೆನ್ಸಿಲ್ ಬೇಡ.

ಊರಿಂದ ಬಂದ ಮೇಲೆ ಗೆಳತಿಗೆ ಮೆಸೇಜ್ ಬರೆದೆ. ಮೂರು ಸಲ ಬರೆದು ಅಳಿಸಿ, ನಾಲ್ಕನೇ ಸಲ ಕಳಿಸಿದೆ. ನನಗೆ 35 ಬಂದೇ ಇರಲಿಲ್ಲ, 44 ಬಂದಿತ್ತು, ನಿನ್ನದೇ ಸರಿ ಇತ್ತು, ಯಾಕೆ ಅಂದರೆ ಹೀಗೆ, ಸಾರಿ ಅಂತ. ಅವಳಿಗೆ ಎಷ್ಟು ಬಂದಿತ್ತು ಎನ್ನುವುದು ನನಗೆ ಮರೆತೇಹೋಗಿತ್ತು. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು, ಒಂದೇ ಸಾಲು:

"46. ನಾನು ಮೂರು ಸಲ ತೂಗಿದ್ದೆ."